ಯುಪಿಎಸ್‌ನ ಬಾಯಿ ಮುಚ್ಚಿಸಬೇಡಿ

ಊರಿಗೆ ಹೋಗಿ ಅಲ್ಲಿಂದಲೇ ಆಫೀಸ್ ಕೆಲಸ ಮಾಡ್ತೀನಿ ಅಂತ ಹೊರಟವರು ಕಳಿಸೋ ವಿಡಿಯೋ ಬಹುತೇಕ ಒಂದೇ ಥರ ಇರುತ್ತೆ. ಅಂಗಳದಲ್ಲಿ ಹೊಸ ಜನರೇಟರ್ ಭರ್ ಅಂತ ಓಡ್ತಿದೆ. ಬಲ್ಬ್ ಉರೀತಿದೆ, ಫ್ಯಾನ್ ತಿರುಗ್ತಿದೆ. ಮೂಲೆಯಲ್ಲಿರೋ ಯುಪಿಎಸ್ ಮಾತ್ರ ಟಕ್ ಅಂತ ಒಮ್ಮೆ, ಬೀಪ್ ಅಂತ ಒಮ್ಮೆ, ಮತ್ತೆ ಟಕ್. ಕರೆಂಟು ಮನೆಯೊಳಗೇ ಇದ್ದರೂ ಅದು ಬ್ಯಾಟರಿಯನ್ನೇ ತಿಂತಾ ಕೂತಿದೆ. ವಿಡಿಯೋ ಕೆಳಗೆ ಒಂದು ಸಾಲು: 'ಈ ಯುಪಿಎಸ್ ಡಬ್ಬಾ ಅಂತ ಕಾಣತ್ತೆ, ಯಾವುದು ತಗೊಳ್ಳಲಿ?'

ಯುಪಿಎಸ್ ಡಬ್ಬಾ ಅಲ್ಲ. ಆ ಮನೆಯಲ್ಲಿ ಸದ್ಯಕ್ಕೆ ಸತ್ಯ ಹೇಳ್ತಿರೋದು ಅದೊಂದೇ. ಜನರೇಟರ್ ಕೊಡ್ತಿರೋ ಕರೆಂಟು ಸರಿ ಇಲ್ಲ ಅಂತ ಅದು ಹೇಳ್ತಿದೆ. ಮಾರಿದವನು, ಕೂಡಿಸಿದವನು, ಕೊಂಡವನು ಮೂವರೂ ಸೇರಿ ಅದನ್ನ ಸುಮ್ಮನಾಗಿಸೋ ದಾರಿ ಹುಡುಕ್ತಾರಲ್ಲ, ನನ್ನ ತಕರಾರು ಇರೋದು ಅಲ್ಲಿ.

ಚಿಂಚೋಳಿ ತಾಲ್ಲೂಕಿನ ಐನಾಪುರವನ್ನೇ ತಗೊಳ್ಳಿ. (ಕಾಗವಾಡದ ಐನಾಪುರ ಅಲ್ಲ. ಬೆಳಗಾವಿ ಕಡೆಯವರು ಮಾಫ್ ಮಾಡಬೇಕು.) ತೆಲಂಗಾಣದ ಗಡಿಗೆ ಹತ್ತಿರ, ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. 2020ರ ಲಾಕ್‌ಡೌನ್ ಆದ ಮೇಲೆ ಈ ಭಾಗದ ಊರುಗಳಿಗೆ ಲ್ಯಾಪ್‌ಟಾಪ್ ಹಿಡ್ಕೊಂಡು ವಾಪಸ್ ಬಂದ ಹುಡುಗ ಹುಡುಗಿಯರು ಕಡಿಮೆ ಏನಿಲ್ಲ. ಕೆಲವರು ವಾರಕ್ಕಾಗಿ ಬಂದು ತಿಂಗಳು ಉಳಿದರು. ಕೆಲವರು ಅಪ್ಪ ಅವ್ವನ ಆರೋಗ್ಯಕ್ಕಾಗಿ ಉಳಿದೇಬಿಟ್ಟರು. ಬೇಸಿಗೆಯ ಬಿರುಗಾಳಿಗೆ ಗಿಡದ ಟೊಂಗೆ ಲೈನಿನ ಮೇಲೆ ಬಿತ್ತು ಅಂದ್ರೆ ಕಂಬದಿಂದ ಕಂಬಕ್ಕೆ ಹುಡುಕಿ ಸರಿ ಮಾಡೋತನಕ ಕತ್ತಲೆ. ಬೆಂಗಳೂರಿನ ಮ್ಯಾನೇಜರ್‌ಗೆ ಇದೆಲ್ಲ ಹೇಳಿದರೆ 'ಬ್ಯಾಕಪ್ ಇಲ್ವಾ?' ಅಂತಾರೆ. ಆಗ ಹೊರಡುತ್ತೆ ಸವಾರಿ, ಪೇಟೆಯ ಅಂಗಡಿಗೆ.

ಅಂಗಡಿಯ ಸಂಭಾಷಣೆ ಎಲ್ಲ ಕಡೆ ಹೆಚ್ಚುಕಮ್ಮಿ ಇದೇ.

"ಅಣ್ಣಾ, ಯುಪಿಎಸ್ ಅದ, ಬ್ಯಾಟರಿ ಅದ. ಜನರೇಟರ್ ಹಚ್ಚಿದ್ರ ನಡೀತದೇನು?"

"ಯಾಕ ನಡ್ಯಂಗಿಲ್ಲ ತಮ್ಮಾ? ಎರಡೂವರೆ ಕೆವಿಎ ಅದ. ಇಡೀ ಮನಿ ನಡೀತದ. ಕರೆಂಟ್ ಅಂದ್ರ ಕರೆಂಟೇ."

ಈ ಕೊನೆಯ ಮಾತೇ ಸುಳ್ಳು. ಕರೆಂಟ್ ಅಂದ್ರೆ ಕರೆಂಟೇ ಅಲ್ಲ.

ಕಂಬದಿಂದ ಬರೋ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತೆ. ಅದನ್ನ 49.90 ಮತ್ತು 50.05 ಹರ್ಟ್ಜ್ ನಡುವೆ ಹಿಡಿದಿಡಬೇಕು ಅಂತ ದೇಶದ ಗ್ರಿಡ್ ನಿಯಮವೇ ಇದೆ. ಇಡೀ ದೇಶದ ವಿದ್ಯುತ್ ಸ್ಥಾವರಗಳು ಒಂದೇ ತಾಳಕ್ಕೆ ತಿರುಗೋದರಿಂದ ಇದು ಸಾಧ್ಯ. ಆ ಒಂದೇ ತಾಳ ಬಂದದ್ದೂ ನಮ್ಮ ನೆರೆಯಲ್ಲೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆದಾಗಲೇ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾಗಿದ್ದು. ಹಿಂದಿನ ವರ್ಷ, 2012ರ ಜುಲೈ 30 ಮತ್ತು 31ರಂದು, ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೇನೂ ಆಗದೆ ಉಳಿದದ್ದು ಇನ್ನೂ ಹಾಗೆ ಒಂದಾಗಿರಲಿಲ್ಲ ಅನ್ನೋ ಕಾರಣಕ್ಕೆ. ಎರಡು ಕಡೆಯ ವಿದ್ಯುತ್ತನ್ನ ಜೋಡಿಸೋ ಮುಂಚೆ ವೋಲ್ಟೇಜ್, ಫ್ರೀಕ್ವೆನ್ಸಿ, ಅಲೆಯ ಏರಿಳಿತ ಮೂರೂ ಹೊಂದಿವೆಯಾ ಅಂತ ನೋಡಲೇಬೇಕು. ಹೊಂದದೆ ಜೋಡಿಸಿದರೆ ಯಂತ್ರಗಳೇ ಕಿತ್ತು ಹೋಗ್ತವೆ.

ನಿಮ್ಮ ಮನೆಯ ಯುಪಿಎಸ್ ಮಾಡೋದು ಸಣ್ಣ ಪ್ರಮಾಣದಲ್ಲಿ ಇದನ್ನೇ. ಹೊರಗಿಂದ ಬಂದ ಕರೆಂಟಿನ ವೋಲ್ಟೇಜ್ ನೋಡುತ್ತೆ, ಫ್ರೀಕ್ವೆನ್ಸಿ ನೋಡುತ್ತೆ, ತನ್ನ ಅಲೆಯನ್ನ ಅದರ ಅಲೆಗೆ ಹೊಂದಿಸುತ್ತೆ, ಆಮೇಲೆ ಟಕ್ ಅಂತ ರಿಲೇ ತಿರುಗಿಸಿ ಬ್ಯಾಟರಿ ಬಿಟ್ಟು ಹೊರಗಿನ ಕರೆಂಟಿಗೆ ಹೋಗುತ್ತೆ. ಹೊಂದದಿದ್ದರೆ ಹೋಗಲ್ಲ.

ಈಗ ಅಂಗಳದಲ್ಲಿರೋ ಆ ಪೆಟ್ರೋಲ್ ಜನರೇಟರ್ ನೋಡಿ. ಅದರ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಜ್. ಸುತ್ತು ಕಮ್ಮಿಯಾದರೆ ಫ್ರೀಕ್ವೆನ್ಸಿಯೂ ಕಮ್ಮಿ. ವೇಗ ಕಾಯೋದು ಗವರ್ನರ್ ಅನ್ನೋ ಒಂದು ಸ್ಪ್ರಿಂಗು, ಒಂದು ಕಡ್ಡಿ. ಲೋಡ್ ಇಲ್ಲದಾಗ ಅದು ಮೆಲ್ಲಗೆ ಮೇಲಕ್ಕೆ, 52ರ ಆಸುಪಾಸಿಗೆ ಹೋಗಿ ನಿಂತಿರುತ್ತೆ. ಪೂರ್ತಿ ಲೋಡ್ ಬಂದಾಗ 50ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತೆ. ಅದನ್ನ ಹಾಗೇ ಮಾಡಿರೋದು, ಅದು ದೋಷ ಅಲ್ಲ. ತೊಂದರೆ ಆಗೋದು ನಡುವಿನ ಗಳಿಗೆಗಳಲ್ಲಿ. ಫ್ರಿಜ್ ಶುರುವಾಯ್ತು ಅಂದ್ರೆ ಆ ಕ್ಷಣಕ್ಕೆ ಅದು ಎಳೆಯೋದು ಮಾಮೂಲಿನ ಐದಾರು ಪಟ್ಟು. ಎಂಜಿನ್ ಉಸಿರು ಕಟ್ಟಿದ ಹಾಗೆ ಗುಂಯ್ ಅಂತ ತಗ್ಗುತ್ತೆ, ವೋಲ್ಟೇಜ್ ಬೀಳುತ್ತೆ, ಫ್ರೀಕ್ವೆನ್ಸಿ ಬೀಳುತ್ತೆ. ಗವರ್ನರ್ ಎಚ್ಚೆತ್ತು ಎಳೆದಾಗ ಎರಡೂ ಮೇಲೇಳ್ತವೆ, ಬೇಕಾದ್ದಕ್ಕಿಂತ ಜಾಸ್ತಿ. ಇನ್ನು ಅಲೆಯ ಆಕಾರದ ಬಗ್ಗೆ ಹೇಳೋದೇ ಬೇಡ. ಸಣ್ಣ ಜನರೇಟರಿನ ಅಲೆ ನೋಡಿದರೆ ಮಕ್ಕಳು ಬರೆದ ಗುಡ್ಡದ ಚಿತ್ರ.

ಬರೀ ಏರಿಳಿತ ಆಗಿದ್ದರೆ ಯುಪಿಎಸ್ ಸ್ವಲ್ಪ ಹೊತ್ತು ಕಾದು ಒಪ್ಪಿಕೊಳ್ತಿತ್ತೇನೋ. ಆದರೆ ಇಬ್ಬರೂ ಸೇರಿ ಒಂದು ಜೋಕಾಲಿ ಕಟ್ಟಿಕೊಳ್ತಾರೆ. ಜನರೇಟರ್ ಖಾಲಿ ಓಡ್ತಿದೆ, ಕರೆಂಟು ಚೊಲೋ ಇದೆ ಅಂತ ಯುಪಿಎಸ್ ಒಪ್ಪುತ್ತೆ. ಒಪ್ಪಿದ ಕೂಡಲೇ ಮನೆಯ ಲೋಡ್ ಮತ್ತು ಬ್ಯಾಟರಿಯ ಚಾರ್ಜರ್ ಎರಡೂ ಒಮ್ಮೆಲೇ ಜನರೇಟರಿನ ತಲೆಮೇಲೆ. ಅದೂ ನಯವಾಗಿ ಅಲ್ಲ, ಚಾರ್ಜರ್ ಕರೆಂಟನ್ನ ಗುಕ್ಕು ಗುಕ್ಕಾಗಿ ಕುಡಿಯುತ್ತೆ. ಜನರೇಟರ್ ತಗ್ಗುತ್ತೆ. ಯುಪಿಎಸ್ 'ಬ್ಯಾಡ' ಅಂತ ಬಿಡುತ್ತೆ. ಲೋಡ್ ಹೋದ ಕೂಡಲೇ ಜನರೇಟರ್ ಚೇತರಿಸಿಕೊಳ್ಳುತ್ತೆ. ಯುಪಿಎಸ್ ಮತ್ತೆ ಒಪ್ಪುತ್ತೆ. ಟಕ್, ಬೀಪ್, ಟಕ್. ಎರಡು ತಾಸು ಹೀಗೇ ಆಡಿ ಕೊನೆಗೆ ಬ್ಯಾಟರಿ ಖಾಲಿ. ಪೆಟ್ರೋಲೂ ಖಾಲಿ. ಮೀಟಿಂಗಿನಲ್ಲಿ ನಿಮ್ಮ ಮುಖ ನಿಂತಲ್ಲೇ ನಿಂತಿರುತ್ತೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದೇ ಯುಪಿಎಸ್ ಜಗಳ ಆಡ್ತಿರಲಿಲ್ಲ. ಆದ್ದರಿಂದಲೇ ಊರಿಗೆ ಬಂದಾಗ ಅದು ಕೆಟ್ಟಿದೆ ಅಂತ ಅನ್ಸೋದು. ಅಲ್ಲಿ ನೆಲಮಾಳಿಗೆಯ ಪಕ್ಕ, ನೀವು ಒಮ್ಮೆಯೂ ಹೋಗಿ ನೋಡದ ಕೋಣೆಯಲ್ಲಿ, ನಿಮಿಷಕ್ಕೆ 1500 ಸುತ್ತು ತಿರುಗೋ ಡೀಸೆಲ್ ದೈತ್ಯ ಇತ್ತು. ಅದರ ವೇಗ ಕಾಯೋಕೆ ಎಲೆಕ್ಟ್ರಾನಿಕ್ ಗವರ್ನರ್, ವೋಲ್ಟೇಜ್ ಕಾಯೋಕೆ ಒಳ್ಳೆ ಎವಿಆರ್. ನಿಮ್ಮ ಒಂದು ಕೆವಿಎ ಯುಪಿಎಸ್ ಅದಕ್ಕೆ ಆನೆಯ ಮೇಲೆ ಕೂತ ಗುಬ್ಬಿ. ಕೂತರೂ ಎದ್ದರೂ ಆನೆಗೆ ಗೊತ್ತಾಗಲ್ಲ. ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಅದರ ಖರ್ಚು ಒಂದು ಸಾಲು, ಅಷ್ಟೇ. ಐನಾಪುರದಲ್ಲಿ ಅದೇ ಗುಬ್ಬಿಯನ್ನ ಇನ್ನೊಂದು ಗುಬ್ಬಿಯ ಬೆನ್ನ ಮೇಲೆ ಕೂರಿಸಿದ್ದೀವಿ.

ಈಗ ಬರ್ತಾರೆ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ. ಅವರ ಪರಿಹಾರ ಅರ್ಧ ನಿಮಿಷದ್ದು. ಇನ್ವರ್ಟರಿನ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್ ಮೋಡಿನಲ್ಲಿ ಅದು ಸುಮಾರು 180ರಿಂದ 260 ವೋಲ್ಟ್ ತನಕ ಮಾತ್ರ ಒಪ್ಪುತ್ತೆ. ನಾರ್ಮಲ್‌ಗೆ ಹಾಕಿದರೆ 100ರಿಂದ 290ರ ತನಕ ಏನು ಬಂದರೂ ಒಳಗೆ ಬಿಡುತ್ತೆ, ಬದಲಾಯಿಸೋದೂ ನಿಧಾನ. ಕಂಪ್ಯೂಟರಿಗಾಗಿ ಮಾಡಿದ ಯುಪಿಎಸ್‌ಗಳಲ್ಲಿ ಸೆನ್ಸಿಟಿವಿಟಿ ಅನ್ನೋ ಸೆಟ್ಟಿಂಗ್ ಇರುತ್ತೆ, ಅದನ್ನ 'ಲೋ'ಗೆ ಇಳಿಸ್ತಾರೆ. ಟಕ್ ಟಕ್ ನಿಲ್ಲುತ್ತೆ. ಎಲ್ಲರಿಗೂ ಸಮಾಧಾನ. ಚಹಾ ಕುಡಿದು ದುಡ್ಡು ತಗೊಂಡು ಅವರು ಹೋಗ್ತಾರೆ.

ಆ ಸ್ವಿಚ್ಚೇ ಪಾಪ ಅಂತ ನಾನು ಹೇಳಲ್ಲ. ಫ್ಯಾನು, ಬಲ್ಬಿಗೆ ನಾರ್ಮಲ್ ಸಾಕು. ನಿಮ್ಮ ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ ಏನು ಬರೆದಿದೆ ಓದಿ ನೋಡಿ: 100–240 ವೋಲ್ಟ್, 50/60 ಹರ್ಟ್ಜ್. ಅದು ಸಣ್ಣಪುಟ್ಟದಕ್ಕೆಲ್ಲ ಕ್ಯಾರೇ ಅನ್ನಲ್ಲ, ಒಳಗೆ ಬೇರೆ ಬ್ಯಾಟರಿಯೂ ಇದೆ. ಯಾವುದಕ್ಕೆ ಯುಪಿಎಸ್ ಬೇಕಿಲ್ಲವೋ ಅದರ ಸಲುವಾಗಿಯೇ ನಾವು ಇಷ್ಟೆಲ್ಲ ಒದ್ದಾಡೋದು. ನಿಜವಾಗಿ ಬೇಕಾಗಿರೋದು ಬೇರೆಯದಕ್ಕೆ. 2021ರ ಎರಡನೇ ಅಲೆ ಆದ ಮೇಲೆ ಎಷ್ಟೋ ಮನೆಗಳಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಐದು ಲೀಟರಿನದು ಸುಮಾರು 350 ವ್ಯಾಟ್ ತಿನ್ನುತ್ತೆ, ಒಳಗೆ ಕಂಪ್ರೆಸರ್ ಮೋಟಾರು. ಅದು ಇರೋ ಮನೆಯಲ್ಲಿ ಆ ಸ್ವಿಚ್ಚನ್ನ ನಾರ್ಮಲ್‌ಗೆ ಹಾಕಿ, ಜನರೇಟರಿನ ಕುಂಟು ಕರೆಂಟನ್ನ ನೇರ ಅದರೊಳಗೆ ಬಿಟ್ಟು, 'ಬೀಪ್ ನಿಂತಿತು' ಅಂತ ಬೆಂಗಳೂರಿಗೆ ಬಸ್ ಹತ್ತೋದು ಎಂಥ ಜಾಣತನ? ಮೋಟಾರು ಕಮ್ಮಿ ವೋಲ್ಟೇಜಿನಲ್ಲಿ ಕಾದು ಕಾದು ಸುಡೋದು ರಾತ್ರಿ. ಮನೆಯಲ್ಲಿರೋದು ವಯಸ್ಸಾದ ಇಬ್ಬರು.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಡೆ ಸ್ವಂತ ವಿದ್ಯುತ್ ಘಟಕಗಳಿವೆ. ಇಂಥ ಘಟಕದಲ್ಲಿ ಎರಡು ಮೂಲಗಳನ್ನ ಕೂಡಿಸೋ ಮೊದಲು ಪರೀಕ್ಷೆ ಮಾಡೋ ರಿಲೇ ಇರುತ್ತೆ. ಅದು ಬೇಡ ಅಂದಾಗ 'ರಿಲೇ ಕಿತ್ತು ಹಾಕ್ರಿ' ಅಂದ ಎಂಜಿನಿಯರ್ ಮರುದಿನ ಕೆಲಸದಲ್ಲಿ ಇರಲ್ಲ. ಅಲ್ಲೇ ಕೆಲಸ ಮಾಡಿ ಸಂಜೆ ಮನೆಗೆ ಬಂದವನು ತನ್ನ ಇನ್ವರ್ಟರಿಗೆ ಮಾತ್ರ ಅದನ್ನೇ ಮಾಡಿಸ್ತಾನೆ.

'ಹಂಗಾದ್ರ ದೊಡ್ಡದು ತಗೋ' ಅನ್ನೋದು ಎರಡನೇ ಸಲಹೆ. ಇದರಲ್ಲಿ ಅರ್ಧ ನಿಜ ಇದೆ. ಯುಪಿಎಸ್ ಎಳೆಯೋದರ ಎರಡು ಪಟ್ಟಾದರೂ ಜನರೇಟರ್ ಇದ್ದರೆ ಜೋಕಾಲಿ ಕಮ್ಮಿಯಾಗುತ್ತೆ. ಅದೂ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ಗರಿಷ್ಠ ಕೆವಿಎ ನೋಡಬೇಡಿ, ಒಳಗೆ ಸಣ್ಣಕ್ಷರದಲ್ಲಿರೋ ರೇಟೆಡ್ ಅನ್ನೋದನ್ನ ನೋಡಿ. ಆದರೆ 200 ವ್ಯಾಟಿನ ಮನೆಗೆ ಐದು ಕೆವಿಎ ಡೀಸೆಲ್ ಜನರೇಟರ್ ಓಡಿಸೋದು ಒಂದು ಕಪ್ ಚಹಾಕ್ಕೆ ಮದುವೆ ಹಂಡೆ ಒಲೆ ಮೇಲಿಟ್ಟ ಹಾಗೆ. ಕಮ್ಮಿ ಲೋಡಿನಲ್ಲಿ ಡೀಸೆಲ್ ಪೂರ್ತಿ ಉರಿಯಲ್ಲ, ಎಂಜಿನ್ ಒಳಗೆ ಮಸಿ ಕಟ್ಟುತ್ತೆ. ಪೆಟ್ರೋಲಿನ ಸಣ್ಣದಕ್ಕೆ ಚೆನ್ನಾಗಿ ಓಡಿದಾಗಲೂ ಯುನಿಟ್ಟಿಗೆ ಸುಮಾರು ಅರ್ಧ ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಲೆಕ್ಕ ನೀವೇ ಹಾಕಿ.

ಲೆಕ್ಕದ ಮಾತು ಬಂತು, ಅಂಗಡಿಯಲ್ಲಿ ಯಾರೂ ಹಾಕಿ ತೋರಿಸದ ಲೆಕ್ಕ ಒಂದಿದೆ. 12 ವೋಲ್ಟ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಅಂದ್ರೆ 1800 ವ್ಯಾಟ್-ತಾಸು. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತೆ. 1100 ಕೈಗೆ ಸಿಗುತ್ತೆ ಅನ್ನಿ. ರೌಟರ್ 10, ಲ್ಯಾಪ್‌ಟಾಪ್ 60, ಬಿಎಲ್‌ಡಿಸಿ ಫ್ಯಾನ್ ಎರಡಕ್ಕೆ 60, ದೀಪಕ್ಕೆ 30. ಒಟ್ಟು 160 ವ್ಯಾಟ್. ಆರು ತಾಸು ಜನರೇಟರಿನ ನೆನಪೇ ಬೇಡ. ಹಳೇ ಫ್ಯಾನ್ ಇದ್ದರೆ ಒಂದೊಂದೂ 75 ತಿನ್ನುತ್ತೆ, ಜನರೇಟರಿಗೆ ಮೊದಲು ಫ್ಯಾನ್ ಬದಲಾಯಿಸಿ. ಕಾನ್ಸಂಟ್ರೇಟರ್ ಸೇರಿದರೆ ಆರು ತಾಸು ಎರಡಕ್ಕೆ ಇಳಿಯುತ್ತೆ. ಅಂಥ ಮನೆಗೆ ಎರಡೋ ಮೂರೋ ಬ್ಯಾಟರಿ, ಜೊತೆಗೆ ತುಂಬಿದ ಸಿಲಿಂಡರ್ ಒಂದು ಇರಲೇಬೇಕು.

ಜನರೇಟರ್ ಯಾವಾಗ ಬೇಕು? ಕರೆಂಟು ಇಡೀ ದಿನ ಬರದಿದ್ದಾಗ. ಆಗಲೂ ಅದಕ್ಕೆ ಬ್ಯಾಟರಿ ತುಂಬೋ ಕೆಲಸ ಕೊಡಿ, ಮನೆಯ ಲೋಡನ್ನ ಬ್ಯಾಟರಿಯೇ ಹೊರಲಿ. ಆದರೆ ಇಲ್ಲೊಂದು ಕೊಕ್ಕೆ. ಸೀಸದ ಬ್ಯಾಟರಿ ನಿಧಾನ. 15 ಆಂಪಿಯರ್ ಚಾರ್ಜಿನಲ್ಲಿ 150 ಎಎಚ್ ತುಂಬೋಕೆ ಹತ್ತು ಹನ್ನೆರಡು ತಾಸು ಹಿಡಿಯುತ್ತೆ. ಮೂರು ತಾಸು ಜನರೇಟರ್ ಓಡಿಸಿದರೆ ಮೂರನೇ ಒಂದು ಭಾಗವೂ ತುಂಬಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕಿಂತ ಬೇಗ ಕುಡಿಯುತ್ತೆ, ಬೆಲೆ ಜಾಸ್ತಿ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟೋ ನಮ್ಮ ಕಡೆ ಇನ್ನೊಂದು ಮಾತು ಸೇರಿಸಬೇಕು. ಸೀಸದ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಲೆಕ್ಕದ್ದು, ಅದರ ಮೇಲೆ ಎಂಟು ಹತ್ತು ಡಿಗ್ರಿ ಏರಿದ ಹಾಗೆಲ್ಲ ಅರ್ಧ ಅರ್ಧ ಆಗ್ತಾ ಹೋಗುತ್ತೆ. ಐದು ವರ್ಷದ ಗ್ಯಾರಂಟಿ ಕಾರ್ಡ್ ಮೇಲೆ ತಗಡಿನ ಕೋಣೆಯ ಬಗ್ಗೆ ಬರೆದಿರಲ್ಲ. ಕಲ್ಲಿನ ಗೋಡೆಯ ತಂಪು ಜಾಗದಲ್ಲಿ, ಗಾಳಿ ಆಡೋ ಹಾಗೆ ಇಡಿ.

ಜನರೇಟರ್ ಬೇಕೇ ಬೇಕು, ಯುಪಿಎಸ್ ಜೊತೆ ಹೊಂದಲೂ ಬೇಕು ಅಂದ್ರೆ ನೇರ ದಾರಿ ಎರಡು. ಒಂದು, ಇನ್ವರ್ಟರ್ ಜನರೇಟರ್. ಒಳಗೆ ಡಿಸಿ ಮಾಡಿ ಮತ್ತೆ ಎಸಿ ಮಾಡುತ್ತೆ, ಎಂಜಿನ್ ಹೇಗೇ ಏದುಸಿರು ಬಿಟ್ಟರೂ ಹೊರಗೆ 50 ಹರ್ಟ್ಜ್ ನಯವಾಗಿ ಬರುತ್ತೆ. ಇನ್ನೊಂದು, ಆನ್‌ಲೈನ್ ಯುಪಿಎಸ್. ಒಳಗೆ ಬಂದದ್ದನ್ನ ಪೂರ್ತಿ ಡಿಸಿ ಮಾಡಿ ಹೊಸದಾಗಿ ಕಟ್ಟಿ ಕೊಡೋದರಿಂದ ಫ್ರೀಕ್ವೆನ್ಸಿ ಅಲ್ಲಾಡಿದರೂ ಸಹಿಸುತ್ತೆ. ಎರಡೂ ದುಬಾರಿ. ದುಬಾರಿ ಅಂತಲೇ ಅಂಗಡಿಯವನು ಆ ಮಾತು ಎತ್ತಲ್ಲ, ಗಿರಾಕಿ ಎದ್ದು ಹೋಗ್ತಾನಲ್ಲ.

ಇಲ್ಲಿತನಕ ಹೇಳಿದ್ದು ದುಡ್ಡು, ಯಂತ್ರದ ಮಾತು. ಈಗ ಜೀವದ್ದು.

ಎರಡೂ ತುದಿಗೆ ಪ್ಲಗ್ ಇರೋ ವೈರ್ ನೋಡಿದ್ದೀರಾ? ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ವೈರಿಂಗ್ ಖರ್ಚಿಲ್ಲದೆ ಇಡೀ ಮನೆ ಬೆಳಗುತ್ತೆ. ಮೇನ್ ಆಫ್ ಮಾಡೋದು ಒಬ್ಬರು ಒಮ್ಮೆ ಮರೆತರೆ ಆ ಕರೆಂಟು ಮೀಟರ್ ದಾಟಿ ಹಿಂದಕ್ಕೆ, ಕಂಬಕ್ಕೆ ಹೋಗುತ್ತೆ. ಊರಿನ ಟ್ರಾನ್ಸ್‌ಫಾರ್ಮರ್ 11 ಸಾವಿರ ವೋಲ್ಟನ್ನ ಮನೆಯ ಮಟ್ಟಕ್ಕೆ ಇಳಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಉಲ್ಟಾ ಬಂದದ್ದನ್ನ ಅಷ್ಟೇ ಸಲೀಸಾಗಿ ಏರಿಸುತ್ತೆ ಅನ್ನೋದು ನೆನಪಿರಲ್ಲ. ಲೈನ್ ಆಫ್ ಇದೆ ಅಂತ ನಂಬಿ ಟೊಂಗೆ ಬಿದ್ದ ತಂತಿಗೆ ಕೈ ಹಾಕಿರೋದು ಪವರ್‌ಮನ್ ಹುಡುಗ. ಆ ಹೊತ್ತಿನಲ್ಲಿ ಮಳೆಯಲ್ಲಿ ಕಂಬದ ಮೇಲಿರೋನು ನಿಮಗೆ ಕರೆಂಟು ಕೊಡೋಕೆ ಅಂತಲೇ ಹತ್ತಿದವನು. ಚೇಂಜ್‌ಓವರ್ ಸ್ವಿಚ್ ಇದ್ದರೆ ಕಂಬವೋ ಜನರೇಟರೋ ಒಂದೇ ಒಂದು ಮನೆಗೆ ತಾಗುತ್ತೆ, ಮರೆವಿಗೆ ಜಾಗವೇ ಇಲ್ಲ. ಜನರೇಟರಿನ ಬೆಲೆಯ ಮುಂದೆ ಅದು ಚಿಲ್ಲರೆ. ಎರಡು ತುದಿ ಪ್ಲಗ್ಗಿನ ವೈರ್ ಮಾಡಿಕೊಟ್ಟವರನ್ನ ಮತ್ತೆ ಮನೆಗೆ ಕರೀಬೇಡಿ.

ಚೇಂಜ್‌ಓವರ್ ಎರಡು ಪೋಲಿನದು ಹಾಕಿಸಿದಾಗ ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗುತ್ತೆ. ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಭೂಮಿಗೆ ಕೂಡಿರಲ್ಲ, ತೇಲ್ತಾ ಇರುತ್ತೆ. ಕೆಲವು ಯುಪಿಎಸ್‌ಗಳ ಹಿಂದೆ ಆಗ ವೈರಿಂಗ್ ದೋಷದ ಕೆಂಪು ದೀಪ ಹತ್ತುತ್ತೆ. ಜನ ಅದರ ಮೇಲೆ ಟೇಪ್ ಹಚ್ತಾರೆ. ಅದರರ್ಥ ಶಾಕ್ ಹೊಡೆದರೆ ಆರ್‌ಸಿಸಿಬಿ ಬೀಳೋ ಭರವಸೆ ಇಲ್ಲ ಅಂತ. ತಿಳಿದ ಎಲೆಕ್ಟ್ರಿಷಿಯನ್ ಜನರೇಟರ್ ಕಡೆ ಒಂದೇ ಒಂದು ಜಾಗದಲ್ಲಿ ನ್ಯೂಟ್ರಲನ್ನ ಅರ್ಥಿಂಗಿಗೆ ಕೂಡಿಸ್ತಾರೆ. ಅರ್ಥಿಂಗ್ ಅಂದ್ರೆ ನಿಜವಾದ ಅರ್ಥಿಂಗ್. ಶಹಾಬಾದ್ ಕಲ್ಲಿನ ನೆಲದಲ್ಲಿ ಮೊಳ ಮಣ್ಣಿನ ಕೆಳಗೆ ಬರೀ ಬಂಡೆ, ಬೇಸಿಗೆಯಲ್ಲಿ ಒಣಗಿದ ಮೇಲೆ ಅಲ್ಲಿ ಹುಗಿದ ಸರಳು ಇದ್ದೂ ಇಲ್ಲದ ಹಾಗೆ. ಗುಂಡಿ ಆಳ ಇರಬೇಕು, ನೀರು ಹಾಕ್ತಾ ಇರಬೇಕು. ಇನ್ನು ಜನರೇಟರನ್ನ ಮಳೆಗೆ ನೆನೀತದ ಅಂತ ಪಡಸಾಲೆಗೋ ಕೊಟ್ಟಿಗೆಗೋ ತಂದು ಬಾಗಿಲು ಹಾಕಿ ಓಡಿಸೋದು ನೇರ ಸಾವಿಗೆ ಆಹ್ವಾನ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಸರ್ಕಾರದ ಕಡೆ ತಿರುಗದೆ ಇದನ್ನ ಮುಗಿಸೋಕೆ ಆಗಲ್ಲ. 2023ರ ಆಗಸ್ಟ್ 5ರಂದು ಗೃಹಜ್ಯೋತಿಗೆ ಚಾಲನೆ ಕೊಟ್ಟಿದ್ದು ಕಲಬುರಗಿಯಲ್ಲೇ. 200 ಯುನಿಟ್ ತನಕ ಬಿಲ್ಲಿಲ್ಲ. ಒಳ್ಳೇದೇ, ಅದನ್ನ ಆಡಿಕೊಳ್ಳೋರ ಸಾಲಿನಲ್ಲಿ ನಾನಿಲ್ಲ. ಆದರೆ ಶೂನ್ಯ ಬಿಲ್ಲಿನ ಮನೆ ಕತ್ತಲಾದಾಗ ಅಂಗಳದಲ್ಲಿ ಯುನಿಟ್ಟಿಗೆ ಐವತ್ತು ರೂಪಾಯಿಯ ಕರೆಂಟು ಕಾಯಿಸುತ್ತೆ, ಆ ಖರ್ಚು ಯಾವ ಬಿಲ್ಲಿನಲ್ಲೂ ಕಾಣಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಮಾಡಿತು. ಸೇವೆ ನಿಗದಿತ ಮಟ್ಟದಲ್ಲಿ ಇಲ್ಲದಿದ್ದರೆ ಪರಿಹಾರ ಅಂತ ಅದರಲ್ಲಿದೆ. 2022ರ ತಿದ್ದುಪಡಿ ಡೀಸೆಲ್ ಜನರೇಟರ್ ಇಟ್ಟುಕೊಂಡವರು ಐದು ವರ್ಷದಲ್ಲಿ ಬ್ಯಾಟರಿಯಂಥ ಸ್ವಚ್ಛ ದಾರಿಗೆ ಹೊರಳೋಕೆ ಪ್ರಯತ್ನಿಸಬೇಕು ಅನ್ನುತ್ತೆ. ಸಂಬಳ ಬರೋ ನಾವು ಜನರೇಟರ್ ಕೊಂಡು ಬಾಯಿ ಮುಚ್ಚಿಕೊಂಡ ಮೇಲೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳೋರು ಯಾರು? ಪಕ್ಕದ ಮನೆಯ ಕಾಕಾ ಹತ್ತಿರ ಜನರೇಟರೂ ಇಲ್ಲ, ಆ್ಯಪೂ ಇಲ್ಲ. ನಿಮ್ಮದು ಹೋದಾಗ ಅವರದೂ ಹೋಗಿರುತ್ತೆ, ದೂರು ಕೊಡೋ ಇಂಗ್ಲಿಷೂ ಪುರುಸೊತ್ತೂ ನಿಮಗಿದೆ.

'ಸೋಲಾರ್ ಹಾಕಿಸ್ತೀನಿ ಬಿಡು' ಅನ್ನೋರಿಗೆ ಒಂದೇ ಮಾತು. ಬರೀ ಆನ್‌ಗ್ರಿಡ್ ಸೋಲಾರ್ ಕಂಬದ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತೆ, ಅದೇ ಪವರ್‌ಮನ್ ಹುಡುಗನ ಜೀವಕ್ಕಾಗಿ. ಆಗ ಜನರೇಟರ್ ಹಚ್ಚಿದರೆ ಅದನ್ನೇ ಗ್ರಿಡ್ ಅಂತ ನಂಬಿ ಜನರೇಟರಿನೊಳಗೇ ಕರೆಂಟು ತುರುಕಲೂಬಹುದು. ಬ್ಯಾಟರಿ ಇರೋ ಹೈಬ್ರಿಡ್ ಕೇಳಿ, ಜನರೇಟರಿಗೆ ಬೇರೆ ಇನ್‌ಪುಟ್ ಇದೆಯಾ ಅಂತ ಕೇಳಿ.

ಮತ್ತೆ ಅಂಗಡಿಗೆ ಹೋಗೋದಿದ್ದರೆ ನಿಮ್ಮ ಯುಪಿಎಸ್, ಬ್ಯಾಟರಿ ಎರಡೂ ಗಾಡಿಯಲ್ಲಿ ಹಾಕ್ಕೊಂಡು ಹೋಗಿ. ಫ್ರೀಕ್ವೆನ್ಸಿ ತೋರಿಸೋ ಮಲ್ಟಿಮೀಟರ್ ಒಂದು ಜೇಬಿನಲ್ಲಿರಲಿ. ಅವರ ಜನರೇಟರಿಗೆ ನಿಮ್ಮ ಯುಪಿಎಸ್ ಹಚ್ಚಿಸಿ, ಸ್ವಿಚ್ ಯುಪಿಎಸ್ ಕಡೆಗೇ ಇರಲಿ, ಮೇಲೆ ಒಂದು ಮಿಕ್ಸಿಯನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಾಕಿ ತೆಗೆದು ಹಾಕಿ ತೆಗೆದು ಹದಿನೈದು ನಿಮಿಷ ನೋಡಿ. ಟಕ್ ಅಂತು ಅಂದ್ರೆ ದುಡ್ಡು ಕೊಡಬೇಡಿ. 'ಹಂಗೆಲ್ಲ ಹಚ್ಚಿ ತೋರ್ಸಂಗಿಲ್ರಿ' ಅಂದರೂ ಕೊಡಬೇಡಿ.